ವಿಮಾನ 35,000 ಅಡಿಯಲ್ಲಿ, ಕ್ಯಾಬಿನ್ 8,000 ಅಡಿಯಲ್ಲಿ: ಇದು ಹೇಗೆ ಸಾಧ್ಯ?

ಬಿಕ್ಕೋಡಿನಲ್ಲಿರುವ ನನ್ನ ಚಿಕ್ಕಮ್ಮನ ಮಗ ಪೈಲಟ್ ಆಗಬೇಕೆಂದು ಡಿಜಿಸಿಎ ಪರೀಕ್ಷೆಗೆ ಓದುತ್ತಿದ್ದಾನೆ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ನ್ಯಾವಿಗೇಶನ್, ಹವಾಮಾನ, ವಾಯುಯಾನ ನಿಯಮಗಳು, ಟೆಕ್ನಿಕಲ್ ಎಂದು ಹಲವು ಪತ್ರಿಕೆಗಳಿವೆ. ಪ್ರತಿಯೊಂದರಲ್ಲೂ ನೂರಕ್ಕೆ 70 ಅಂಕ ಬರಲೇಬೇಕು. ಈಚೆಗೆ ಊರಿಗೆ ಹೋಗಿದ್ದಾಗ ಟೆಕ್ನಿಕಲ್ ಪುಸ್ತಕದ ಒಂದು ಪುಟ ತೋರಿಸಿ ಕೇಳಿದ: “ಅಲ್ಲಕ್ಕಾ, ವಿಮಾನ 35,000 ಅಡೀಲಿ ಹಾರ್ತಿರುವಾಗ ಕ್ಯಾಬಿನ್ 8,000 ಅಡೀಲಿ ಇರುತ್ತೆ ಅಂತ ಬರ್ದಿದಾರೆ. ಒಂದೇ ವಿಮಾನ ಎರಡು ಎತ್ತರದಲ್ಲಿ ಇರೋದು ಹೆಂಗೆ? ಉತ್ತರ ಬಾಯಿಪಾಠ ಆಗಿದೆ, ಅರ್ಥ ಮಾತ್ರ ಆಗ್ತಿಲ್ಲ.”

ನಾನು ಓದಿದ್ದು ಸಂವಹನ, ವಿಮಾನ ಎಂಜಿನಿಯರಿಂಗ್ ಅಲ್ಲ. ಆದರೆ ಅವನ ಜೊತೆ ಕೂತು ಪುಸ್ತಕ ತಿರುವಿದಾಗ ಒಂದು ವಿಷಯ ಸ್ಪಷ್ಟವಾಯಿತು. ಇಲ್ಲಿನ ಗೊಂದಲ ಅರ್ಧದಷ್ಟು ಭೌತಶಾಸ್ತ್ರದ್ದು, ಇನ್ನರ್ಧ ಹೆಸರಿನದು. ‘ಕ್ಯಾಬಿನ್ ಎತ್ತರ’ ಎಂಬ ಹೆಸರಿನ ಅರ್ಥ ಬಿಡಿಸಿಕೊಂಡರೆ ಉಳಿದದ್ದೆಲ್ಲ ಸರಾಗ. ಪರೀಕ್ಷೆ ಬರೆಯುವವರಿಗಷ್ಟೇ ಅಲ್ಲ, ವರ್ಷಕ್ಕೊಮ್ಮೆ ವಿಮಾನ ಹತ್ತುವವರಿಗೂ ಇದು ಗೊತ್ತಿರುವುದು ಒಳ್ಳೆಯದು.

ಕ್ಯಾಬಿನ್ ಎತ್ತರ ಎಂದರೆ ಎತ್ತರವಲ್ಲ

ನಮ್ಮ ಮೇಲೆ ಗಾಳಿಯ ದೊಡ್ಡ ರಾಶಿಯೇ ಇದೆ. ಅದರ ಭಾರವನ್ನೇ ನಾವು ವಾಯುಒತ್ತಡ ಎನ್ನುತ್ತೇವೆ. ಮೇಲೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆಯಾಗುತ್ತದೆ, ಒತ್ತಡವೂ ಇಳಿಯುತ್ತದೆ. ವಿಮಾನಯಾನದಲ್ಲಿ ಬಳಸುವ ಪ್ರಮಾಣಿತ ವಾತಾವರಣದ ಲೆಕ್ಕದಲ್ಲಿ ಅದು ಸುಮಾರು ಹೀಗಿದೆ:

– ಸಮುದ್ರಮಟ್ಟ, ಅಂದರೆ ಮಂಗಳೂರಿನ ಕಡಲತೀರ: 1,013 ಹೆಕ್ಟೊಪಾಸ್ಕಲ್
– 3,000 ಅಡಿ, ಅಂದರೆ ಹೆಚ್ಚುಕಡಿಮೆ ಬೇಲೂರು ಸೀಮೆ ಮತ್ತು ಬೆಂಗಳೂರು: 908
– 6,300 ಅಡಿ, ಅಂದರೆ ಮುಳ್ಳಯ್ಯನಗಿರಿಯ ತುದಿ: ಸುಮಾರು 800
– 8,000 ಅಡಿ: 753
– 18,000 ಅಡಿ: 506, ಅಂದರೆ ಸಮುದ್ರಮಟ್ಟದ ಅರ್ಧ
– 35,000 ಅಡಿ: 238, ಅಂದರೆ ಕಾಲು ಭಾಗಕ್ಕಿಂತಲೂ ಕಡಿಮೆ

ವಿಮಾನ 35,000 ಅಡಿಯಲ್ಲಿದ್ದಾಗ ಹೊರಗಿನ ಒತ್ತಡ 238. ಒಳಗೆ ಯಂತ್ರಗಳು ಗಾಳಿ ತುಂಬಿ ಒತ್ತಡವನ್ನು 753ರಲ್ಲಿ ಹಿಡಿದಿಟ್ಟಿವೆ ಎಂದುಕೊಳ್ಳಿ. 753 ಎನ್ನುವುದು 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವ ಒತ್ತಡ. ಆದ್ದರಿಂದ ಪೈಲಟ್‌ಗಳು ‘ಕ್ಯಾಬಿನ್ ಎತ್ತರ 8,000 ಅಡಿ’ ಎನ್ನುತ್ತಾರೆ. ಅಷ್ಟೇ. ಇದು ಒತ್ತಡಕ್ಕೆ ಇಟ್ಟ ಇನ್ನೊಂದು ಹೆಸರು. ವಿಮಾನ ಎರಡು ಕಡೆ ಇಲ್ಲ, ಒಳಗೂ ಹೊರಗೂ ಒತ್ತಡ ಬೇರೆ ಬೇರೆ ಇದೆ.

ಸಾರಿಗೆ ವಿಮಾನಗಳ ವಿನ್ಯಾಸ ನಿಯಮದ ಪ್ರಕಾರ ಮಾಮೂಲಿ ಹಾರಾಟದಲ್ಲಿ ಕ್ಯಾಬಿನ್ ಎತ್ತರ 8,000 ಅಡಿ ದಾಟಬಾರದು. ಮುಳ್ಳಯ್ಯನಗಿರಿ 1,930 ಮೀಟರ್, ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್. ಮಾಮೂಲಿ ಜೆಟ್ ವಿಮಾನ ಎಷ್ಟೇ ಮೇಲೆ ಹಾರಿದರೂ ನಿಮ್ಮ ದೇಹದ ಮಟ್ಟಿಗೆ ನೀವು ಈ ಎರಡು ಬೆಟ್ಟಗಳ ನಡುವೆ ಎಲ್ಲೋ ಕೂತಿರುತ್ತೀರಿ. ಬೋಯಿಂಗ್ 787ರಂಥ ಹೊಸ ವಿಮಾನಗಳಲ್ಲಿ ಇದು 6,000 ಅಡಿ, ಅಂದರೆ ಮುಳ್ಳಯ್ಯನಗಿರಿಗಿಂತ ತುಸು ಕೆಳಗೆ.

ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ

‘ಮೇಲೆ ಆಮ್ಲಜನಕ ಕಡಿಮೆ, ಅದಕ್ಕೇ ವಿಮಾನದೊಳಗೆ ಆಮ್ಲಜನಕ ತುಂಬುತ್ತಾರೆ’ ಎಂಬ ಮಾತು ಬಹಳ ಜನರ ಬಾಯಲ್ಲಿದೆ. ಎರಡೂ ತಪ್ಪು. ಕಡಲತೀರದಲ್ಲಿಯೂ 35,000 ಅಡಿಯಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಅದೇ ಶೇಕಡಾ 21. ಬದಲಾಗುವುದು ಅದನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವ ಒತ್ತಡ.

ಲೆಕ್ಕ ಸುಲಭ. ಸಮುದ್ರಮಟ್ಟದಲ್ಲಿ 1,013ರ ಶೇಕಡಾ 21 ಅಂದರೆ ಸುಮಾರು 212. ಆಮ್ಲಜನಕದ ಪಾಲಿನ ಒತ್ತಡ ಅದು. 8,000 ಅಡಿಯಲ್ಲಿ ಅದು 158ಕ್ಕೆ ಇಳಿಯುತ್ತದೆ, ಅಂದರೆ ಮುಕ್ಕಾಲು ಪಾಲು. ಆರೋಗ್ಯವಂತರು ಇದನ್ನು ಗಮನಿಸುವುದೂ ಇಲ್ಲ. 35,000 ಅಡಿಯಲ್ಲಿ ಅದು ಕೇವಲ 50. ಅದರಲ್ಲೂ ಶ್ವಾಸಕೋಶದೊಳಗಿನ ನೀರಾವಿಯ ಒತ್ತಡ ಕಳೆದರೆ ಉಳಿಯುವುದು 37ರಷ್ಟು ಮಾತ್ರ. ದೇಹವೆಲ್ಲ ಸುತ್ತಿ ಆಮ್ಲಜನಕ ಬಳಸಿಕೊಂಡು ಶ್ವಾಸಕೋಶಕ್ಕೆ ಮರಳುವ ರಕ್ತದಲ್ಲೇ ಆಮ್ಲಜನಕದ ಒತ್ತಡ ಸುಮಾರು 53 ಇರುತ್ತದೆ. ಅಂದರೆ ಅಷ್ಟು ಎತ್ತರದಲ್ಲಿ ಒತ್ತಡ ಹೋದರೆ ಆಮ್ಲಜನಕ ರಕ್ತಕ್ಕೆ ಸೇರುವ ಬದಲು ರಕ್ತದಿಂದಲೇ ಹೊರಗೆ ಹೋಗತೊಡಗುತ್ತದೆ. ನೀರಿನಲ್ಲಿ ಮುಳುಗಿದವರು ಉಸಿರು ಬಿಗಿಹಿಡಿದು ಒಂದೆರಡು ನಿಮಿಷ ತಡೆಯಬಹುದು. ಇಲ್ಲಿ ಆ ಉಪಾಯ ನಡೆಯುವುದಿಲ್ಲ.

ಕೆರೆ, ತೂಬು, ಕೋಡಿ

ವಿಮಾನವನ್ನು ಗಾಳಿ ತುಂಬಿ ಬಾಯಿ ಕಟ್ಟಿದ ಬಲೂನಿನಂತೆ ಕಲ್ಪಿಸಿಕೊಳ್ಳುವುದರಿಂದ ಅರ್ಧ ಪ್ರಶ್ನೆಗಳಿಗೆ ಉತ್ತರ ತಪ್ಪಾಗುತ್ತದೆ. ನಮ್ಮ ಕಡೆಯವರಿಗೆ ಕೆರೆಯ ಹೋಲಿಕೆ ಚೆನ್ನಾಗಿ ಹೊಂದುತ್ತದೆ. ಕೆರೆಗೆ ಕಾಲುವೆಯಿಂದ ನೀರು ಬರುತ್ತಲೇ ಇರುತ್ತದೆ, ತೂಬಿನಿಂದ ಹೊರಗೆ ಹೋಗುತ್ತಲೇ ಇರುತ್ತದೆ. ನೀರಿನ ಮಟ್ಟ ಎಷ್ಟಿರಬೇಕೆಂದು ತೀರ್ಮಾನಿಸುವುದು ತೂಬು. ತೂಬು ಕೈಕೊಟ್ಟು ನೀರು ಅತಿಯಾದರೆ ಏರಿ ಒಡೆಯದಂತೆ ಕಾಪಾಡುವುದು ಕೋಡಿ.

ವಿಮಾನದಲ್ಲಿ ಕಾಲುವೆಯ ಕೆಲಸ ಮಾಡುವುದು ಎಂಜಿನ್. ಎಂಜಿನ್ನಿನ ಕಂಪ್ರೆಸರ್ ಹೊರಗಿನ ತೆಳುಗಾಳಿಯನ್ನು ಒತ್ತಿ ದಟ್ಟವಾಗಿಸುತ್ತದೆ. ಇಂಧನ ಬೆರೆಯುವ ಮೊದಲೇ ಅದರಲ್ಲಿ ಒಂದಿಷ್ಟನ್ನು ಕ್ಯಾಬಿನ್ನಿಗೆ ತಿರುಗಿಸುತ್ತಾರೆ. ಇದಕ್ಕೆ ಬ್ಲೀಡ್ ಏರ್ ಎಂದು ಹೆಸರು. ಒತ್ತಿದ ಗಾಳಿ ವಿಪರೀತ ಬಿಸಿಯಾಗಿರುತ್ತದೆ. ‘ಪ್ಯಾಕ್’ ಎಂಬ ಯಂತ್ರಗಳು ಅದನ್ನು ತಣ್ಣಗಾಗಿಸಿ ಒಳಗೆ ಬಿಡುತ್ತವೆ. 787ರಲ್ಲಿ ಮಾತ್ರ ಎಂಜಿನ್ನಿನಿಂದ ಗಾಳಿ ಕದಿಯುವ ಬದಲು ವಿದ್ಯುತ್ ಕಂಪ್ರೆಸರ್‌ಗಳು ಹೊರಗಾಳಿಯನ್ನು ಒತ್ತುತ್ತವೆ.

ತೂಬಿನ ಕೆಲಸ ಔಟ್‌ಫ್ಲೋ ವಾಲ್ವಿನದು. ಸಾಮಾನ್ಯವಾಗಿ ವಿಮಾನದ ಹಿಂಭಾಗದಲ್ಲಿರುವ ಒಂದು ಕಿಂಡಿ ಇದು. ಒಳಗೆ ಬರುವ ಗಾಳಿ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ, ಒತ್ತಡವನ್ನು ಏರಿಳಿಸುವುದು ಈ ಕಿಂಡಿ. ಅದನ್ನು ಮುಚ್ಚಿದಂತೆ ಒತ್ತಡ ಏರಿ ಕ್ಯಾಬಿನ್ ಎತ್ತರ ಇಳಿಯುತ್ತದೆ. ತೆರೆದಂತೆ ಒತ್ತಡ ಇಳಿದು ಕ್ಯಾಬಿನ್ ಎತ್ತರ ಏರುತ್ತದೆ. ಪರೀಕ್ಷೆಯಲ್ಲಿ ತಪ್ಪುವುದು ಇಲ್ಲೇ. ‘ಏರುವುದು’ ‘ಇಳಿಯುವುದು’ ಎರಡೂ ತಲೆಕೆಳಗಾಗಿ ಬರುತ್ತವೆ. ನನ್ನ ತಮ್ಮನಿಗೆ ನಾನು ಹೇಳಿದ್ದು ಒಂದೇ: ಪ್ರಶ್ನೆಯಲ್ಲಿ ‘ಕ್ಯಾಬಿನ್ ಎತ್ತರ’ ಎಂದು ಕಂಡಾಗ ಮೊದಲು ಅದನ್ನು ‘ಒತ್ತಡ’ ಎಂದು ಬದಲಿಸಿ ಓದಿಕೋ, ಆಮೇಲೆ ಉತ್ತರ ಬರಿ.

ಕೋಡಿಯೂ ಇದೆ. ಒಳಗಿನ ಒತ್ತಡ ಮಿತಿಮೀರಿದರೆ ತಾನಾಗಿ ತೆರೆಯುವ ರಿಲೀಫ್ ವಾಲ್ವ್ ಅದು. ವಿಮಾನ ವೇಗವಾಗಿ ಇಳಿಯುವಾಗ ಹೊರಗಿನ ಒತ್ತಡವೇ ಒಳಗಿನದಕ್ಕಿಂತ ಹೆಚ್ಚಾಗಿಬಿಟ್ಟರೆ ಗಾಳಿಯನ್ನು ಒಳಗೆ ಬಿಡಲು ಇನ್ನೊಂದು ವಾಲ್ವ್ ಇರುತ್ತದೆ. ವಿಮಾನದ ಒಡಲು ಒಳಗಿನಿಂದ ಉಬ್ಬುವುದನ್ನು ತಡೆದುಕೊಳ್ಳುತ್ತದೆ, ಹೊರಗಿನಿಂದ ಹಿಂಡುವುದನ್ನು ಅಷ್ಟಾಗಿ ತಡೆಯದು.

ಮೂರು ಸಂಖ್ಯೆಗಳ ಲೆಕ್ಕ

ಕಾಕ್‌ಪಿಟ್‌ನಲ್ಲಿ ಗಮನಿಸಬೇಕಾದ ಮುಖ್ಯ ಸಂಖ್ಯೆಗಳು ಮೂರು: ಕ್ಯಾಬಿನ್ ಎತ್ತರ, ಅದು ನಿಮಿಷಕ್ಕೆ ಎಷ್ಟು ಅಡಿ ಬದಲಾಗುತ್ತಿದೆ ಎಂಬುದು, ಮತ್ತು ಒಳಗಿನ ಹಾಗೂ ಹೊರಗಿನ ಒತ್ತಡದ ನಡುವಿನ ಅಂತರ.

ಮೊದಲು ಅಂತರ. ಪುಸ್ತಕಗಳಲ್ಲಿ ಇದನ್ನು ಪಿಎಸ್‌ಐ ಅಳತೆಯಲ್ಲಿ ಕೊಡುತ್ತಾರೆ, ಸಮುದ್ರಮಟ್ಟದ ಒತ್ತಡ 14.7 ಪಿಎಸ್‌ಐ. 35,000 ಅಡಿಯಲ್ಲಿ ಹೊರಗೆ 3.5, ಒಳಗೆ 8,000 ಅಡಿಗೆ ಸಮನಾದ 10.9. ಅಂತರ ಸುಮಾರು 7.5. ಈಗ ಒಂದು ವಿಮಾನದ ಗರಿಷ್ಠ ಅಂತರ 7.5 ಎಂದುಕೊಂಡು ಅದು 39,000 ಅಡಿಗೆ ಏರಿದರೆ ಏನಾಗುತ್ತದೆ ನೋಡಿ. ಹೊರಗಿನ ಒತ್ತಡ 2.85ಕ್ಕೆ ಇಳಿಯುತ್ತದೆ. ಅದಕ್ಕೆ 7.5 ಕೂಡಿಸಿದರೆ 10.35. ಆ ಒತ್ತಡಕ್ಕೆ ಕ್ಯಾಬಿನ್ ಎತ್ತರ 9,000 ಅಡಿ ದಾಟುತ್ತದೆ, 8,000ದ ಮಿತಿ ಮೀರುತ್ತದೆ. ವಿಮಾನ ಎಷ್ಟು ಮೇಲೆ ಹಾರಬಹುದು ಎಂಬುದನ್ನು ಎಂಜಿನ್ನಿನ ಶಕ್ತಿಯ ಜೊತೆಗೆ ಒಡಲಿನ ಗಟ್ಟಿತನವೂ ತೀರ್ಮಾನಿಸುವುದು ಹೀಗೆ.

ಇನ್ನು ಬದಲಾವಣೆಯ ವೇಗ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೇ ಸುಮಾರು 3,000 ಅಡಿ ಮೇಲಿದೆ. ಅಲ್ಲಿಂದ ಹೊರಟ ವಿಮಾನ 20 ನಿಮಿಷದಲ್ಲಿ 35,000 ಅಡಿ ತಲುಪಿತು ಎಂದುಕೊಳ್ಳಿ. ಅದು ನಿಮಿಷಕ್ಕೆ 1,600 ಅಡಿ ಏರಿದೆ. ಆದರೆ ಕ್ಯಾಬಿನ್ ಅಷ್ಟೇ ಹೊತ್ತಿನಲ್ಲಿ 3,000ದಿಂದ 8,000ಕ್ಕೆ ಹೋಗಿದೆ, ಅಂದರೆ ನಿಮಿಷಕ್ಕೆ 250 ಅಡಿ ಮಾತ್ರ. ನಿಮ್ಮ ಕಿವಿಗೆ ತಟ್ಟುವುದು ಈ ಎರಡನೆಯ ಸಂಖ್ಯೆ.

ಇಳಿಯುವ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬಾಗಿಲು ತೆಗೆಯುವ ಹೊತ್ತಿಗೆ ಒಳಗೂ ಹೊರಗೂ ಒತ್ತಡ ಸಮನಾಗಿರಬೇಕು. ಮಂಗಳೂರಿಗೆ ಹೋಗುವಾಗ ಕ್ಯಾಬಿನ್ ಹೆಚ್ಚುಕಡಿಮೆ ಸಮುದ್ರಮಟ್ಟದವರೆಗೆ ಇಳಿಯುತ್ತದೆ. ಲೇಹ್‌ನ ಕಥೆ ಉಲ್ಟಾ. ಅಲ್ಲಿನ ನಿಲ್ದಾಣ 10,682 ಅಡಿ ಎತ್ತರದಲ್ಲಿದೆ. ವಿಮಾನ ಕೆಳಗೆ ಇಳಿಯುತ್ತಿರುವಾಗಲೇ ಕ್ಯಾಬಿನ್ ಎತ್ತರ ಮೇಲಕ್ಕೆ ಏರುತ್ತದೆ! ‘ಒತ್ತಡ’ ಎಂದು ಬದಲಿಸಿ ಓದಿದರೆ ಇದರಲ್ಲಿ ವಿಚಿತ್ರವೇನೂ ಇಲ್ಲ.

ಸಮುದ್ರಮಟ್ಟದ ಒತ್ತಡವನ್ನೇ ಏಕೆ ಇಡುವುದಿಲ್ಲ?

ಅಂತರ ಹೆಚ್ಚಿದಷ್ಟೂ ಒಡಲು ಉಬ್ಬುತ್ತದೆ, ಇಳಿದಾಗ ಮತ್ತೆ ಕುಗ್ಗುತ್ತದೆ. ಒಂದೇ ಕಡೆ ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುವಂತೆ ಲೋಹವೂ ದಣಿಯುತ್ತದೆ. ಪ್ರಪಂಚ ಇದನ್ನು ಬೆಲೆ ತೆತ್ತು ಕಲಿತಿದೆ. ಮೊದಲ ಪ್ರಯಾಣಿಕ ಜೆಟ್ ಆದ ಬ್ರಿಟನ್ನಿನ ಕಾಮೆಟ್ ವಿಮಾನಗಳಲ್ಲಿ ಎರಡು 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಮೆಡಿಟರೇನಿಯನ್ ಸಮುದ್ರದ ಮೇಲೆ ಒಡೆದುಹೋದವು. ತನಿಖೆಗಾರರು ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ, ಲೋಹದ ದಣಿವೇ ಕಾರಣ ಎಂದು ತೋರಿಸಿದರು.

1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ 737 ವಿಮಾನದ ಚಾವಣಿಯ ದೊಡ್ಡ ಭಾಗ ಹಾರಾಟದ ನಡುವೆಯೇ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು, ಉಳಿದವರೊಂದಿಗೆ ಪೈಲಟ್‌ಗಳು ವಿಮಾನ ಇಳಿಸಿದರು. ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಚಿಕ್ಕ ಹಾರಾಟ ಮಾಡುತ್ತಿದ್ದ ಆ ವಿಮಾನ ಸುಮಾರು 90,000 ಬಾರಿ ಹಾರಿ ಇಳಿದಿತ್ತು. ಹಾಗಾಗಿ 8,000 ಅಡಿ ಎನ್ನುವುದು ದೇಹ ತಾಳಿಕೊಳ್ಳುವುದಕ್ಕೂ ಲೋಹ ತಾಳಿಕೊಳ್ಳುವುದಕ್ಕೂ ನಡುವಿನ ಒಪ್ಪಂದ. ಲೋಹದ ಬದಲು ಇಂಗಾಲದ ನಾರಿನ ಸಂಯುಕ್ತ ವಸ್ತು ಬಳಸುವ 787, ಅದಕ್ಕಿಂತ ಹೆಚ್ಚಿನ ಒತ್ತಡದ ಸೌಕರ್ಯ ಕೊಡಲು ಸಾಧ್ಯವಾಗಿರುವುದೂ ಇದೇ ಕಾರಣಕ್ಕೆ.

ಒಂದು ಸ್ವಿಚ್, ಒಂದು ಸದ್ದು

2018ರ ಸೆಪ್ಟೆಂಬರ್ 20. ಮುಂಬೈಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್‌ನ ಬೋಯಿಂಗ್ 737 ವಿಮಾನದಲ್ಲಿ 166 ಪ್ರಯಾಣಿಕರಿದ್ದರು. ಮೇಲೇರುತ್ತಿದ್ದಂತೆ ಮಾಸ್ಕ್‌ಗಳು ಜಾರಿ ಬಿದ್ದವು. ಸುಮಾರು 30 ಮಂದಿಗೆ ಮೂಗು, ಕಿವಿಯಲ್ಲಿ ರಕ್ತ ಬಂತು, ಕೆಲವರಿಗೆ ತಲೆನೋವು. ವಿಮಾನ ಮುಂಬೈಗೆ ಮರಳಿತು. ಪೈಲಟ್‌ಗಳು ಬ್ಲೀಡ್ ಸ್ವಿಚ್ ಹಾಕಿರಲಿಲ್ಲ ಎಂದು ಡಿಜಿಸಿಎ ತಿಳಿಸಿತು. ಕೆರೆಯ ಭಾಷೆಯಲ್ಲಿ ಹೇಳುವುದಾದರೆ ಕಾಲುವೆಯನ್ನೇ ತೆರೆದಿರಲಿಲ್ಲ.

2005ರ ಆಗಸ್ಟ್ 14ರಂದು ಸೈಪ್ರಸ್‌ನ ಲಾರ್ನಕಾದಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ಏರ್‌ವೇಸ್ ವಿಮಾನದಲ್ಲಿ ತಪ್ಪಿದ್ದು ತೂಬು. ಹಿಂದಿನ ತಪಾಸಣೆಯ ನಂತರ ಒತ್ತಡ ನಿಯಂತ್ರಣದ ಸ್ವಿಚ್ ‘ಮ್ಯಾನ್ಯುಯಲ್’ನಲ್ಲೇ ಉಳಿದಿತ್ತು. ಹೊರಡುವ ಮುನ್ನ ಪೈಲಟ್‌ಗಳು ಅದನ್ನು ಗಮನಿಸಲಿಲ್ಲ. ಔಟ್‌ಫ್ಲೋ ವಾಲ್ವ್ ಅರೆತೆರೆದೇ ಇತ್ತು. ವಿಮಾನ ಏರುವಾಗ ಎಚ್ಚರಿಕೆಯ ಹಾರ್ನ್ ಮೊಳಗಿತು. ಆದರೆ ಆ ಮಾದರಿಯಲ್ಲಿ ಅದೇ ಹಾರ್ನ್ ಇನ್ನೊಂದು ತೊಂದರೆಗೂ ಮೊಳಗುತ್ತಿತ್ತು: ನೆಲದ ಮೇಲೆ, ವಿಮಾನ ಟೇಕಾಫ್‌ಗೆ ಸಿದ್ಧವಾಗಿಲ್ಲದಿದ್ದಾಗ. ಪೈಲಟ್‌ಗಳು ಆ ಅರ್ಥವನ್ನೇ ಹಿಡಿದರು. ಗೊಂದಲದಲ್ಲಿ ರೇಡಿಯೋದಲ್ಲಿ ಮಾತಾಡುತ್ತಿದ್ದಂತೆಯೇ ಪ್ರಜ್ಞೆ ತಪ್ಪಿತು. ಆಟೊಪೈಲಟ್ ವಿಮಾನವನ್ನು 34,000 ಅಡಿಗೆ ಏರಿಸಿ ಅಥೆನ್ಸ್ ಬಳಿ ಸುತ್ತಿಸುತ್ತಿತ್ತು. ಕೊನೆಗೆ ಇಂಧನ ಮುಗಿದು ಬೆಟ್ಟಕ್ಕೆ ಬಿತ್ತು, 121 ಮಂದಿ ಸತ್ತರು. ಒಂದು ಸದ್ದಿಗೆ ಎರಡು ಅರ್ಥ ಇಟ್ಟಿದ್ದರ ಫಲ ಇದು. ಸಂವಹನ ಓದಿದ ನನಗೆ ಇದಕ್ಕಿಂತ ದೊಡ್ಡ ಪಾಠ ಯಾವ ತರಗತಿಯಲ್ಲೂ ಸಿಕ್ಕಿಲ್ಲ. ನಂತರ 737ಗಳಲ್ಲಿ ಎರಡು ಎಚ್ಚರಿಕೆಗಳಿಗೂ ಪ್ರತ್ಯೇಕ ದೀಪಗಳು ಬಂದವು.

ಅನುಭವಿ ಪೈಲಟ್‌ಗಳಿಗೆ ಉಸಿರುಕಟ್ಟಿದ್ದು ಗೊತ್ತಾಗಲಿಲ್ಲವೇ? ಇಲ್ಲ, ಅಪಾಯ ಇರುವುದೇ ಅಲ್ಲಿ. ಉಸಿರು ಕಟ್ಟಿದಾಗ ನಮಗೆ ಆಗುವ ಸಂಕಟಕ್ಕೆ ಮುಖ್ಯ ಕಾರಣ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದು. ತೆಳುಗಾಳಿಯಲ್ಲಿ ಅದು ಎಂದಿನಂತೆ ಹೊರಗೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ಸಂಕಟವಿಲ್ಲ, ಬದಲಿಗೆ ಹಿತವಾದ ಮಂಪರು. ಎಲ್ಲ ಸರಿಯಿದೆ ಎಂಬ ಭಾವನೆಯಲ್ಲೇ ಬುದ್ಧಿ ಮಂದವಾಗುತ್ತದೆ. ಇದನ್ನು ಹೈಪಾಕ್ಸಿಯಾ ಎನ್ನುತ್ತಾರೆ. ಸರಿಯಾಗಿ ಯೋಚಿಸಿ ಕೆಲಸ ಮಾಡಲು ಸಿಗುವ ಸಮಯ 25,000 ಅಡಿಯಲ್ಲಿ 3ರಿಂದ 5 ನಿಮಿಷ. 35,000 ಅಡಿಯಲ್ಲಿ 30ರಿಂದ 60 ಸೆಕೆಂಡ್. ಒತ್ತಡ ಹಠಾತ್ತಾಗಿ ಹೋದರೆ ಇದರ ಅರ್ಧ.

1957ರಲ್ಲಿ ಆರಂಭವಾದ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ಒತ್ತಡ ಇಳಿಸುವ ಕೋಣೆಯಲ್ಲಿ ಕೂರಿಸಿ ಈ ಅನುಭವ ಮಾಡಿಸುತ್ತಾರೆ. ಇಂತಹ ತರಬೇತಿಯಲ್ಲಿ ಸಾಮಾನ್ಯವಾಗಿ ಸರಳ ಲೆಕ್ಕ ಮಾಡಲು ಅಥವಾ ಹೆಸರು ಬರೆಯಲು ಹೇಳುತ್ತಾರೆ. ಅಕ್ಷರ ಸೊಟ್ಟಗಾಗುತ್ತಾ ಹೋದರೂ ಬರೆಯುವವರಿಗೆ ತಿಳಿಯುವುದಿಲ್ಲ. ತನ್ನ ದೇಹ ಕೊಡುವ ಮೊದಲ ಸುಳಿವು ಯಾವುದು ಎಂದು ಪ್ರತಿಯೊಬ್ಬ ಪೈಲಟ್ ಗುರುತಿಸಿಟ್ಟುಕೊಳ್ಳಬೇಕು ಎಂಬುದೇ ಇದರ ಉದ್ದೇಶ.

ಕೆಲವು ತಪ್ಪು ತಿಳಿವಳಿಕೆಗಳು

‘ಹಾರುವಾಗ ಯಾರಾದರೂ ಬಾಗಿಲು ತೆಗೆದುಬಿಟ್ಟರೆ?’ 35,000 ಅಡಿಯಲ್ಲಿ ಒಂದು ಬಾಗಿಲಿನ ಮೇಲೆ ಒಳಗಿನ ಒತ್ತಡ ಹಾಕುವ ಬಲ ಸುಮಾರು 8 ಟನ್ ಭಾರಕ್ಕೆ ಸಮ. ಆರಡಿ ಎತ್ತರ, ಮೂರಡಿಗೆ ತುಸು ಕಡಿಮೆ ಅಗಲದ ಬಾಗಿಲಿಗೆ ಲೆಕ್ಕ ಹಾಕಿದರೆ ಇಷ್ಟಾಗುತ್ತದೆ. ಯಾವ ಪೈಲ್ವಾನನಿಂದಲೂ ಆಗದು. ಆದರೆ ನೆಲದ ಹತ್ತಿರ ಅಂತರ ಸೊನ್ನೆಗೆ ಇಳಿದಾಗ ಈ ರಕ್ಷಣೆ ಇರುವುದಿಲ್ಲ. 2023ರ ಮೇ 26ರಂದು ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಇಳಿಯುತ್ತಿದ್ದ ಏಷಿಯಾನಾ ವಿಮಾನದ ತುರ್ತು ಬಾಗಿಲನ್ನು ಪ್ರಯಾಣಿಕನೊಬ್ಬ ತೆರೆದದ್ದು ಸುಮಾರು 700 ಅಡಿ ಎತ್ತರದಲ್ಲಿ.

‘ಒಳಗೆ ಅದೇ ಹಳೆಯ ಗಾಳಿ ಸುತ್ತುತ್ತದೆ.’ ಪೂರ್ತಿ ನಿಜವಲ್ಲ. ಹೆಚ್ಚಿನ ಜೆಟ್‌ಗಳಲ್ಲಿ ಸುಮಾರು ಅರ್ಧ ಹೊಸ ಹೊರಗಾಳಿ, ಉಳಿದರ್ಧ ಸೂಕ್ಷ್ಮ ಫಿಲ್ಟರ್‌ಗಳಲ್ಲಿ ಸೋಸಿದ ಗಾಳಿ. ಕೆಲವೇ ನಿಮಿಷಗಳಿಗೊಮ್ಮೆ ಕ್ಯಾಬಿನ್ನಿನ ಗಾಳಿಯೆಲ್ಲ ಬದಲಾಗುತ್ತದೆ.

‘ಮಾಸ್ಕ್ ಚೀಲ ಉಬ್ಬದಿದ್ದರೆ ಆಮ್ಲಜನಕ ಬರುತ್ತಿಲ್ಲ.’ ತಪ್ಪು. ಕ್ಯಾಬಿನ್ ಎತ್ತರ 14,000 ಅಡಿಯ ಸುಮಾರಿಗೆ ಬಂದಾಗ ಮಾಸ್ಕ್ ತಾನಾಗಿ ಬೀಳುತ್ತದೆ. ಬಹಳಷ್ಟು ವಿಮಾನಗಳಲ್ಲಿ ಅದನ್ನು ಎಳೆದಾಗಲೇ ತಲೆಯ ಮೇಲಿನ ಡಬ್ಬಿಯಲ್ಲಿ ರಾಸಾಯನಿಕ ಕ್ರಿಯೆ ಶುರುವಾಗಿ ಆಮ್ಲಜನಕ ಹುಟ್ಟುತ್ತದೆ. ಅದು ಬರುವುದು ಸಾಮಾನ್ಯವಾಗಿ 12 ನಿಮಿಷದಷ್ಟು ಹೊತ್ತು. ಆ ಹೊತ್ತಿನಲ್ಲಿ ಪೈಲಟ್ ವಿಮಾನವನ್ನು 10,000 ಅಡಿಗೆ ಇಳಿಸುತ್ತಾರೆ. ವಿಮಾನ ಹಠಾತ್ತಾಗಿ ಇಳಿದರೆ ಬೀಳುತ್ತಿದೆ ಎಂದು ಗಾಬರಿಯಾಗಬೇಡಿ, ಉಸಿರಾಡಬಲ್ಲ ಗಾಳಿಯ ಕಡೆಗೆ ಹೋಗುತ್ತಿದೆ.

ಪ್ರಯಾಣಿಕರು ನೆನಪಿಡಬೇಕಾದದ್ದು

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋದವರಿಗೆಲ್ಲ ಕಿವಿ ಗಡಚಿಕ್ಕುವುದು ಗೊತ್ತು. ಏರುವಾಗ ಕಿವಿಯೊಳಗಿನ ಗಾಳಿ ಗಂಟಲಿನ ಕಡೆಯ ಕೊಳವೆಯಿಂದ ಸುಲಭವಾಗಿ ಹೊರಹೋಗುತ್ತದೆ, ಇಳಿಯುವಾಗ ಒಳಗೆ ಬರಲು ತಡವರಿಸುತ್ತದೆ. ಅದಕ್ಕೇ ವಿಮಾನ ಇಳಿಯುವಾಗ ನೋವು ಹೆಚ್ಚು. ಎಂಜಲು ನುಂಗಿ, ಆಕಳಿಸಿ, ಮಗುವಿಗೆ ಹಾಲು ಕುಡಿಸಿ. ಜೋರು ನೆಗಡಿ ಇದ್ದರೆ ಪ್ರಯಾಣ ಮುಂದೂಡುವುದು ಮೇಲು.

ಬೆಂಗಳೂರಿನ ಒತ್ತಡದಿಂದ 8,000 ಅಡಿಯ ಒತ್ತಡಕ್ಕೆ ಹೋದಾಗ ಹೊಟ್ಟೆಯೊಳಗಿನ ಗಾಳಿಯೂ ಚಿಪ್ಸ್ ಪೊಟ್ಟಣದ ಗಾಳಿಯಂತೆ ಶೇಕಡಾ 20ರಷ್ಟು ಹಿಗ್ಗುತ್ತದೆ, ಹೊಟ್ಟೆ ಉಬ್ಬರಕ್ಕೆ ಅದು ಕಾರಣ. ಹೃದಯ, ಶ್ವಾಸಕೋಶದ ಕಾಯಿಲೆ ಅಥವಾ ತೀವ್ರ ರಕ್ತಹೀನತೆ ಇರುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು, ‘ಕೆಲವು ಗಂಟೆ ದೊಡ್ಡಬೆಟ್ಟದ ಮೇಲೆ ಇರಬಹುದೇ’ ಎಂದು ವೈದ್ಯರನ್ನು ಕೇಳಿ ಹೊರಡಿ. ಮುರುಡೇಶ್ವರದ ಬಳಿ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡಿದವರು ಕನಿಷ್ಠ 12ರಿಂದ 24 ಗಂಟೆ ವಿಮಾನ ಹತ್ತಬಾರದು. ಇಲ್ಲದಿದ್ದರೆ ದೇಹದಲ್ಲಿ ಕರಗಿದ ನೈಟ್ರೋಜನ್, ಸೋಡಾ ಬಾಟಲಿ ತೆರೆದಂತೆ, ಗುಳ್ಳೆಯಾಗಬಹುದು.

‘ಮೊದಲು ನಿಮ್ಮ ಮಾಸ್ಕ್ ಹಾಕಿಕೊಳ್ಳಿ, ಆಮೇಲೆ ಮಕ್ಕಳಿಗೆ ಹಾಕಿ’ ಎಂದು ಗಗನಸಖಿ ಹೇಳುವಾಗ ನಾವು ಮೊಬೈಲ್ ನೋಡುತ್ತಿರುತ್ತೇವೆ. ಆ ಮಾತಿನ ಹಿಂದಿರುವುದು ಮೇಲೆ ನೋಡಿದ 30 ಸೆಕೆಂಡಿನ ಲೆಕ್ಕ. ಪ್ರಜ್ಞೆ ಇರುವ ಅಮ್ಮ ಮಗುವಿಗೆ ಮಾಸ್ಕ್ ಹಾಕಬಲ್ಲಳು, ಮಂಪರು ಹತ್ತಿದ ಅಮ್ಮ ಇಬ್ಬರನ್ನೂ ಕಾಪಾಡಲಾರಳು.

ನನ್ನ ತಮ್ಮ ಆ ಪುಟದ ಅಂಚಿನಲ್ಲಿ ‘ಕ್ಯಾಬಿನ್ ಎತ್ತರ ಅಂದ್ರೆ ಒತ್ತಡ’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡ. ಕೆಳಗೆ ಒಂದು ಪುಟ್ಟ ಕೆರೆಯ ಚಿತ್ರ, ಅದಕ್ಕೊಂದು ತೂಬು. ಪರೀಕ್ಷೆಯಲ್ಲಿ ಇದಕ್ಕೆ ಒಂದೋ ಎರಡೋ ಅಂಕ ಸಿಗಬಹುದು. ಮುಂದೊಂದು ದಿನ ಹಾರ್ನ್ ಮೊಳಗಿದಾಗ, ಅದು ಯಾವುದರ ಸದ್ದು ಎಂದು ಯೋಚಿಸುತ್ತಾ ಕೂರದೆ ಅವನ ಕೈ ಮೊದಲು ಮಾಸ್ಕ್ ಕಡೆಗೆ ಹೋಗಬೇಕು.